ಸರಕಾರದ ಸಹಾಯಧನವೂ ಹೊಲ ಉಳುವವನ ಪಾಲೂ

(ಮಠದ ಮಹೋತ್ಸವದ ಕೃಷಿಗೋಷ್ಠಿಯಲ್ಲಿ ಓದಿದ ಉಪನ್ಯಾಸ)



ಒಕ್ಕಲಿಗನಿಗೆ ಸರಕಾರವು ಬೊಕ್ಕಸದಿಂದ ಹಣ ಕೊಡಬಹುದೇ ಕೊಡಬಾರದೇ ಎಂಬ ವಾದವು ಬಹುಕಾಲದಿಂದ ನಡೆದು ಬಂದಿದೆ. ಕೊಡಬೇಕೆನ್ನುವವರು ಮಳೆಯ ಅನಿಶ್ಚಯವನ್ನೂ ಪೇಟೆಯ ಏರಿಳಿತವನ್ನೂ ಮುಂದಿಡುವರು; ಬೇಡವೆನ್ನುವವರು ತೆರಿಗೆ ತೆರುವವರ ಹೊರೆಯನ್ನು ತೋರಿಸುವರು. ಎರಡು ಪಕ್ಷದಲ್ಲಿಯೂ ಹುರುಳುಂಟು. ಆದರೆ ಈ ವಾದದ ಗದ್ದಲದಲ್ಲಿ ಇನ್ನೊಂದು ಪ್ರಶ್ನೆಯು ಮೂಲೆಗೆ ಬೀಳುತ್ತದೆ. ಹಣವನ್ನು ಕೊಡುವುದೆಂದು ನಿಶ್ಚಯವಾದ ಮೇಲೆ, ಒಕ್ಕಲಿಗನೆಂದರೆ ಯಾರು? ಹೊಲದ ಕಾಗದಪತ್ರಗಳು ಯಾರ ಪೆಟ್ಟಿಗೆಯಲ್ಲಿರುವವೋ ಅವನೋ, ನೇಗಿಲ ಮೇಳಿಯನ್ನು ಯಾರ ಕೈ ಹಿಡಿದಿದೆಯೋ ಅವನೋ? ಇಬ್ಬರೂ ಒಬ್ಬನೇ ಆಗಿದ್ದರೆ ತಂಟೆಯಿಲ್ಲ. ಬೇರೆ ಬೇರೆಯಾಗಿದ್ದರೆ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಅರ್ಕನ್ಸಾದ ಪಾಯಿನ್‌ಸೆಟ್ ಎಂಬ ಹಳ್ಳಿಗಾಡಿನ ಕೌಂಟಿಯಲ್ಲಿ 1933ರಿಂದ ಮುಂದಕ್ಕೆ ನಡೆದ ವೃತ್ತಾಂತವನ್ನು ನೋಡಬೇಕು.

ಕೌಂಟಿಯೆಂಬುದು ಆ ದೇಶದ ಆಡಳಿತದ ಒಂದು ವಿಭಾಗ. ಅಂಥವು ಅಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟು ಇವೆ. ಪಾಯಿನ್‌ಸೆಟ್ ಕೌಂಟಿಯು ವಿಸ್ತಾರದಲ್ಲಿ ಈ ನಾಡಿನ ಒಂದು ದೊಡ್ಡ ತಾಲೂಕಿನಷ್ಟು. ಮಿಸಿಸಿಪ್ಪಿ ಮಹಾನದಿಗೆ ಪಶ್ಚಿಮದಲ್ಲಿ, ಅರ್ಕನ್ಸಾದ ಈಶಾನ್ಯ ಭಾಗದಲ್ಲಿ ಅದು ಇದೆ. ನಡುವೆ ಕ್ರೌಲಿಯ ದಿಬ್ಬವೆಂಬ ಉದ್ದನೆಯ ಎತ್ತರದ ನೆಲ. ಅದರ ಪೂರ್ವಕ್ಕೆ ಸೇಂಟ್ ಫ್ರಾನ್ಸಿಸ್ ನದಿಯ ತಗ್ಗಿನ ಭೂಮಿ. ಹಿಂದೆ ಈ ತಗ್ಗೆಲ್ಲ ಜೌಗೂ ಕಾಡೂ ಆಗಿತ್ತು. ಮರದ ವ್ಯಾಪಾರಿಗಳು ಕಾಡನ್ನು ಕಡಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾಲುವೆ ತೋಡಿ ನೀರನ್ನು ಹೊರಗೆ ಹಾಯಿಸಲಾಯಿತು. ಸಹಸ್ರಾರು ವರ್ಷಗಳಿಂದ ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣು ಬಯಲಿಗೆ ಬಿದ್ದಿತು. ಅಲ್ಲಿ ಹತ್ತಿಯಲ್ಲದೆ ಬೇರೆ ಮಾತಿಲ್ಲವೆಂಬಂತಾಯಿತು. ಹೊಲಗಳು ದೊಡ್ಡವು, ಒಡೆಯರು ಕೆಲವರು, ಉಳುವವರು ಅನೇಕರು.

ಅಮೆರಿಕೆಯ ಹತ್ತಿಯೆಂದೊಡನೆ ಅದು ತಮಗೆ ಸಂಬಂಧವಿಲ್ಲದ ದೂರದ ಸಂಗತಿಯೆಂದು ಧಾರವಾಡ ಸೀಮೆಯ ಜನರು ಎಣಿಸಬೇಕಾದುದಿಲ್ಲ. 1840ರ ಸುಮಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕೆಯ ತೋಟಗಾರರನ್ನು ಕರೆಯಿಸಿ, ನ್ಯೂ ಆರ್ಲಿಯನ್ಸಿನ ಬೀಜವನ್ನು ಈ ದೇಶದ ನಾನಾ ಕಡೆ ಬಿತ್ತಿಸಿದರು. ಬಹಳ ಕಡೆ ಅದು ಹತ್ತಲಿಲ್ಲ. ಧಾರವಾಡದ ಕರಿಯ ಭೂಮಿಯಲ್ಲಿ ಹತ್ತಿತು. ಧಾರವಾಡ-ಅಮೆರಿಕನ್ ಎಂಬ ಹೆಸರಿನಿಂದಲೇ ಆ ಅರಳೆ ಮುಂಬಯಿಯ ಪೇಟೆಯನ್ನು ಸೇರುತ್ತಿತ್ತು. ಅಮೆರಿಕೆಯಲ್ಲಿ ಹತ್ತಿ ಕಡಿಮೆಯಾದರೆ ಇಲ್ಲಿ ಧಾರಣೆ ಏರುವುದನ್ನೂ, ಅಲ್ಲಿ ಹೆಚ್ಚಾದರೆ ಇಲ್ಲಿ ಬೀಳುವುದನ್ನೂ ಹುಬ್ಬಳ್ಳಿ ಗದಗುಗಳ ವ್ಯಾಪಾರಸ್ಥರು ಅಂದಿನಿಂದಲೇ ಬಲ್ಲರು.

ಪಾಯಿನ್‌ಸೆಟ್ಟಿನ ಹೊಲಗಳಲ್ಲಿ ದುಡಿಯುತ್ತಿದ್ದವರ ಸ್ಥಿತಿಯನ್ನು ಈಗ ನೋಡಬೇಕು. ಇಲ್ಲಿ ಕೋರು ಎನ್ನುವ ಪದ್ಧತಿಯೇ ಅಲ್ಲಿಯೂ ಇತ್ತು. ಒಡೆಯನು ಹೊಲವನ್ನೂ ಮನೆಯೆಂಬ ಹೆಸರಿನ ಒಂದು ಗುಡಿಸಲನ್ನೂ ಹೇಸರಗತ್ತೆಗಳನ್ನೂ ಬೀಜವನ್ನೂ ಕೊಡುವನು; ಕೋರಿನವನು ಹೆಂಡಿರುಮಕ್ಕಳೊಡನೆ ಬಿತ್ತಿ, ಕಳೆ ತೆಗೆದು, ಹತ್ತಿ ಬಿಡಿಸಿ, ಬೆಳೆಯಲ್ಲಿ ಅರ್ಧವನ್ನು ಪಡೆಯುವನು. ಸುಗ್ಗಿಯವರೆಗೆ ಅವನ ಹೊಟ್ಟೆ ಬಟ್ಟೆಗಳು ಒಡೆಯನ ಅಂಗಡಿಯಿಂದಲೇ ಉದ್ರಿಯಾಗಿ ಬರತಕ್ಕವು. ಲೆಕ್ಕದ ಪುಸ್ತಕವು ಒಡೆಯನಲ್ಲಿ, ಬಡ್ಡಿಯ ದರವು ಒಡೆಯನ ಬಾಯಲ್ಲಿ, ಹತ್ತಿಯ ತೂಕವು ಒಡೆಯನ ತಕ್ಕಡಿಯಲ್ಲಿ. ವರ್ಷದ ಕೊನೆಗೆ ಲೆಕ್ಕ ಚುಕ್ತಾ ಆದಾಗ ಕೋರಿನವನ ಕೈಗೆ ಏನೂ ಉಳಿಯದೆ, ಮೇಲೆ ಒಂದಿಷ್ಟು ಸಾಲ ನಿಲ್ಲುವುದೇ ರೂಢಿ. ಇವರಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ಸಂತತಿಯವರಾದ ಕಪ್ಪುವರ್ಣದವರೂ ಇದ್ದರು, ಭೂಮಿಯನ್ನು ಕಳೆದುಕೊಂಡ ಬಿಳಿಯರೂ ಇದ್ದರು. ದಾರಿದ್ರ್ಯವು ಇಬ್ಬರಿಗೂ ಒಂದೇ ಆಗಿದ್ದರೂ ಒಬ್ಬರೊಡನೊಬ್ಬರು ಪಂಕ್ತಿಯಲ್ಲಿ ಕೂಡುವ ವಾಡಿಕೆ ಇರಲಿಲ್ಲ.

1929ರಲ್ಲಿ ಹತ್ತಿಯ ಬೆಲೆಯು ಪೌಂಡಿಗೆ ಸುಮಾರು 17 ಸೆಂಟು ಇದ್ದದ್ದು ಎರಡು ಮೂರು ವರ್ಷಗಳಲ್ಲಿ 6 ಸೆಂಟಿನ ಆಸುಪಾಸಿಗೆ ಇಳಿಯಿತು. ಜಗತ್ತಿನ ವ್ಯಾಪಾರವೇ ಕುಸಿದಿದ್ದ ಕಾಲ. ಮಾರದ ಅರಳೆಯು ಉಗ್ರಾಣಗಳಲ್ಲಿ ಬೆಟ್ಟದಂತೆ ಬಿದ್ದಿತ್ತು. 1933ರ ಮಾರ್ಚಿಯಲ್ಲಿ ರೂಸ್‌ವೆಲ್ಟರು ಅಧ್ಯಕ್ಷರಾದರು. ಅವರ ವ್ಯವಸಾಯ ಮಂತ್ರಿ ಹೆನ್ರಿ ವ್ಯಾಲೆಸರು. ಅದೇ ವರ್ಷದ ಮೇ 12ರಂದು ವ್ಯವಸಾಯ ಹೊಂದಾಣಿಕೆಯ ಕಾಯಿದೆಗೆ ಸಹಿಯಾಯಿತು. ಅದರ ತರ್ಕವು ಸರಳವಾದುದು: ಬೆಳೆ ಹೆಚ್ಚಾದುದರಿಂದ ಬೆಲೆ ಬಿದ್ದಿದೆ, ಆದಕಾರಣ ಬೆಳೆಯನ್ನು ಕಡಿಮೆ ಮಾಡಿದವರಿಗೆ ಸರಕಾರವು ಹಣ ಕೊಡತಕ್ಕದ್ದು, ಆ ಹಣವನ್ನು ಹತ್ತಿಯೇ ಮೊದಲಾದ ಮಾಲನ್ನು ಮೊದಲು ಸಂಸ್ಕರಿಸುವ ಗಿರಣಿಗಳ ಮೇಲೆ ತೆರಿಗೆ ಹಾಕಿ ಎತ್ತತಕ್ಕದ್ದು, 1909ರಿಂದ 1914ರವರೆಗೆ ಒಕ್ಕಲಿಗನ ಮಾಲಿಗೂ ಅವನು ಕೊಳ್ಳುವ ವಸ್ತುಗಳಿಗೂ ಬೆಲೆಯಲ್ಲಿ ಯಾವ ಸಮತೂಕವಿತ್ತೋ ಅದನ್ನು ಮತ್ತೆ ತರತಕ್ಕದ್ದು.

ಕಾಯಿದೆಯಾಗುವ ಹೊತ್ತಿಗೆ ಬಿತ್ತನೆ ಮುಗಿದುಹೋಗಿತ್ತು. ಆದುದರಿಂದ ನಿಂತ ಪೈರನ್ನೇ ಉತ್ತು ಮಣ್ಣುಗೂಡಿಸುವ ಯೋಜನೆಯಾಯಿತು. ಆ ಬೇಸಗೆಯಲ್ಲಿ ಸುಮಾರು ಹತ್ತು ಲಕ್ಷ ಒಕ್ಕಲಿಗರು ಕರಾರಿಗೆ ಸಹಿ ಹಾಕಿ, ನಾಲ್ಕು ಕೋಟಿ ಎಕರೆಯಲ್ಲಿ ಒಂದು ಕೋಟಿ ಎಕರೆಯಷ್ಟು ಹತ್ತಿಯನ್ನು ಹೊಡೆದು ಹಾಕಿದರು. ಎಕರೆಗೆ 7ರಿಂದ 20 ಡಾಲರುಗಳವರೆಗೆ ಪರಿಹಾರ. ಗಿಡಗಳ ಸಾಲನ್ನು ತುಳಿಯಬಾರದೆಂದು ಮರಿಯಾಗಿದ್ದಂದಿನಿಂದ ಕಲಿತಿದ್ದ ಹೇಸರಗತ್ತೆಗಳು ಪೈರಿನ ಮೇಲೆ ಕಾಲಿಡಲು ಒಲ್ಲದೆ ನಿಂತುಬಿಟ್ಟವೆಂದು ಆ ಕಾಲದ ಪತ್ರಿಕೆಗಳು ವರದಿ ಮಾಡಿದವು. ಮೈಮೇಲೆ ಹರಕು ಬಟ್ಟೆಯುಳ್ಳವರು ಅರಳುವ ಹತ್ತಿಯನ್ನು ಮಣ್ಣುಗೂಡಿಸುವುದನ್ನು ಕಂಡು ಬಹುಜನರು ಮರುಗಿದರು. ಹಾಗಿದ್ದರೂ ಧಾರಣೆಯು ಏರಿ, ಹತ್ತು ಸೆಂಟಿನ ಸಮೀಪಕ್ಕೆ ಬಂದುದು ನಿಜ. ವ್ಯಾಲೆಸರು ಇದನ್ನು ಸಂತೋಷದಿಂದ ಮಾಡಲಿಲ್ಲ. ಸಂಕಟದ ಕಾಲದ ಉಪಾಯವೆಂದೇ ಹೇಳುತ್ತಿದ್ದರು. ಅವರನ್ನು ಸುಮ್ಮನೆ ದೂರುವುದು ನ್ಯಾಯವಲ್ಲ.

1934 ಮತ್ತು 1935ನೆಯ ವರ್ಷಗಳಿಗಾಗಿ ಬೇರೊಂದು ಕರಾರು ಸಿದ್ಧವಾಯಿತು. ಬಿತ್ತುವ ಮೊದಲೇ ಹೊಲದ ಸುಮಾರು ಐದರಲ್ಲಿ ಎರಡು ಪಾಲನ್ನು ಹತ್ತಿಯಿಂದ ಬಿಡಿಸಿ ಸರಕಾರಕ್ಕೆ ಬಾಡಿಗೆಗೆ ಕೊಟ್ಟಂತೆ ಮಾಡುವುದು. ಬಿಟ್ಟ ಭೂಮಿಯು ಬೆಳೆಯಬಹುದಾಗಿದ್ದ ಹತ್ತಿಯ ಪ್ರತಿ ಪೌಂಡಿಗೆ ಮೂರೂವರೆ ಸೆಂಟು ಬಾಡಿಗೆ, ಅದರ ಮೇಲೆ ಸಮತೂಕದ ಬಾಬು ಒಂದು ಸೆಂಟು. ಒಟ್ಟು ನಾಲ್ಕೂವರೆ ಸೆಂಟು. ಇದರ ಹಂಚಿಕೆಯ ವಿಧಿಯಲ್ಲಿಯೇ ಮುಂದಿನ ಅನರ್ಥಕ್ಕೆಲ್ಲ ಬೀಜವಿತ್ತು. ಬಾಡಿಗೆಯು ಭೂಮಿಗೆ ಸಂಬಂಧಪಟ್ಟದ್ದಾದುದರಿಂದ ಅದೆಲ್ಲವೂ ಒಡೆಯನಿಗೆ. ಸಮತೂಕದ ಒಂದು ಸೆಂಟು ಮಾತ್ರ ಬೆಳೆಯ ಪಾಲಿನಂತೆ ಇಬ್ಬರಿಗೂ ಅರ್ಧರ್ಧ. ಅಂದರೆ ನಾಲ್ಕೂವರೆಯಲ್ಲಿ ಒಡೆಯನಿಗೆ ನಾಲ್ಕು, ಕೋರಿನವನಿಗೆ ಅರೆ ಸೆಂಟು.

ಈ ಲೆಕ್ಕವನ್ನು ಒಂದು ಅಂಡಿಗೆಯ ಮೇಲಿಟ್ಟು ನೋಡಿದರೆ ಸಭಿಕರಿಗೆ ಇನ್ನೂ ವಿಶದವಾದೀತು. ಅಮೆರಿಕೆಯ ಹತ್ತಿಯ ಅಂಡಿಗೆಯು ಐನೂರು ಪೌಂಡಿನದು. ಹತ್ತು ಸೆಂಟಿನ ಧಾರಣೆಯಲ್ಲಿ ಅದನ್ನು ಬೆಳೆದು ಮಾರಿದ್ದರೆ 50 ಡಾಲರು ಬರುತ್ತಿತ್ತು. ಖರ್ಚುವೆಚ್ಚಗಳನ್ನು ಬದಿಗಿಟ್ಟರೆ ಕೋರಿನವನಿಗೆ 25, ಒಡೆಯನಿಗೆ 25. ಬೆಳೆಯದೆ ಬಿಟ್ಟುದಕ್ಕೆ ಸರಕಾರದಿಂದ ಬಂದದ್ದು ಇಪ್ಪತ್ತೆರಡೂವರೆ ಡಾಲರು. ಅದರಲ್ಲಿ ಒಡೆಯನಿಗೆ 20, ಕೋರಿನವನಿಗೆ ಎರಡೂವರೆ. ಒಡೆಯನು ಕಳೆದುಕೊಂಡದ್ದು ಇಪ್ಪತ್ತೈದರಲ್ಲಿ ಐದು; ಆ ಐದೂ, ಬೀಜ ಗೊಬ್ಬರ ಉದ್ರಿಗಳ ಉಳಿತಾಯದಲ್ಲಿ ತುಂಬಿಬಂದೀತು. ಕೋರಿನವನು ಕಳೆದುಕೊಂಡದ್ದು ಇಪ್ಪತ್ತೈದರಲ್ಲಿ ಇಪ್ಪತ್ತೆರಡೂವರೆ. ಉಳಿದ ಹೊಲದ ಹತ್ತಿಗೆ ಬೆಲೆ ಏರಿದ ಲಾಭವು ಅವನಿಗೂ ತಟ್ಟಿತೆಂಬುದನ್ನು ಮರೆಯಬಾರದು. ಆದರೆ ಆ ಉಳಿದ ಹೊಲದಲ್ಲಿ ಅವನನ್ನು ಉಳಿಯಗೊಟ್ಟರೆ ತಾನೇ?

ಅಲ್ಲಿಯೇ ಎರಡನೆಯ ತೊಡಕು. ಕೋರಿನವನನ್ನು ಬಿಡಿಸಿ, ಅದೇ ಮನುಷ್ಯನನ್ನು ದಿನಗೂಲಿಗೆ ಇಟ್ಟುಕೊಂಡರೆ ಆ ಅರೆ ಸೆಂಟೂ ಒಡೆಯನದೇ. ಸ್ವತಂತ್ರವಾಗಿ ಹೊಲವನ್ನು ನಡೆಸುವ ಪಾಲುಗಾರನಿಗೆ ಬಾಡಿಗೆಯಲ್ಲಿಯೂ ಅರ್ಧವುಂಟೆಂದು ಕರಾರಿನಲ್ಲಿತ್ತು. ಒಡೆಯರು ತಮ್ಮಲ್ಲಿ ಅಂಥ ಪಾಲುಗಾರರು ಯಾರೂ ಇಲ್ಲವೆಂದು ಬರೆಯಿಸಿಬಿಟ್ಟರು. ಕರಾರಿನ ಏಳನೆಯ ಕಲಮಿನಲ್ಲಿ, ಒಡೆಯನು ಸಾಧ್ಯವಿದ್ದಮಟ್ಟಿಗೆ ಒಕ್ಕಲುಗಳ ಸಂಖ್ಯೆಯನ್ನು ಕಡಿಮೆ ಮಾಡದಿರಲು ಶುದ್ಧಮನಸ್ಸಿನಿಂದ ಪ್ರಯತ್ನಿಸತಕ್ಕದ್ದೆಂದು ಹೇಳಿತ್ತು. ಸಾಧ್ಯವಿದ್ದಮಟ್ಟಿಗೆ ಎಂಬ ಮಾತು ಎಷ್ಟು ಬೇಕಾದರೂ ಹಿಗ್ಗುವ ಚೀಲದಂಥದು. ಸಂಖ್ಯೆಯನ್ನು ಉಳಿಸಿದರೆ ಸಾಕೋ, ಇದ್ದ ಮನುಷ್ಯರನ್ನೇ ಉಳಿಸಬೇಕೋ ಎಂಬುದೂ ಅದರಿಂದ ತಿಳಿಯುತ್ತಿರಲಿಲ್ಲ. ತಕರಾರಿದ್ದವರು ಕೌಂಟಿಯ ಸಮಿತಿಗೆ ಹೇಳಿಕೊಳ್ಳಬೇಕು. ಸಮಿತಿಯೆಂದರೆ ಅಲ್ಲಿನ ಒಕ್ಕಲಿಗರದೇ. ದೂರದ ರಾಜಧಾನಿಯ ಅಧಿಕಾರಿಗಳಿಗಿಂತ ಊರವರೇ ಊರನ್ನು ಬಲ್ಲರೆಂಬ ಸದುದ್ದೇಶದಿಂದ ಅದನ್ನು ಏರ್ಪಡಿಸಿದ್ದರು. ಆದರೆ ಹತ್ತಿಯ ಸೀಮೆಯಲ್ಲಿ ಸಮಿತಿಯ ಕುರ್ಚಿಗಳಲ್ಲಿ ಕುಳಿತವರು ದೊಡ್ಡ ಜಮೀನುದಾರರು, ಅಥವಾ ಅವರ ಮಾತನ್ನು ಮೀರದವರು. ಯಾರ ಮೇಲೆ ದೂರೋ ಅವರೇ ಪಂಚರು. ಬಂದ ತಕರಾರುಗಳಲ್ಲಿ ಬಹುಭಾಗವು ಆಧಾರವಿಲ್ಲದವೆಂದು ತಳ್ಳಿಹೋದುದರಲ್ಲಿ ಆಶ್ಚರ್ಯವೇನು?

ಪಾಯಿನ್‌ಸೆಟ್ ಕೌಂಟಿಯ ಟೈರೋನ್ಜಾ ಎಂಬ ಸಣ್ಣ ಊರಿನ ಬಳಿ ಹೈರಮ್ ನಾರ್‌ಕ್ರಾಸ್ ಎಂಬ ಜಮೀನುದಾರರ ಫೇರ್‌ವ್ಯೂ ಎಂಬ ದೊಡ್ಡ ಹೊಲಗಾವಲಿತ್ತು. 1934ರಲ್ಲಿ ಅಲ್ಲಿಂದ ಇಪ್ಪತ್ತಮೂರು ಕುಟುಂಬಗಳನ್ನು ಹೊರಡಿಸಲಾಯಿತು. ಆ ವರ್ಷದ ಜುಲೈ ತಿಂಗಳ ಒಂದು ರಾತ್ರಿ ಫೇರ್‌ವ್ಯೂವಿನಲ್ಲಿಯೇ ಇದ್ದ ಸನ್ನಿಸೈಡ್ ಎಂಬ ಶಾಲೆಯ ಮನೆಯಲ್ಲಿ ಹದಿನೆಂಟು ಮಂದಿ ಕೂಡಿದರು: ಹನ್ನೊಂದು ಮಂದಿ ಬಿಳಿಯರು, ಏಳು ಮಂದಿ ಕಪ್ಪುವರ್ಣದವರು. ಇವರನ್ನು ಕೂಡಿಸುವುದರಲ್ಲಿ ಮುಂದಾಗಿದ್ದವರು ಟೈರೋನ್ಜಾದಲ್ಲಿ ಬಟ್ಟೆ ಶುಭ್ರಮಾಡುವ ಅಂಗಡಿಯಿಟ್ಟಿದ್ದ ಎಚ್. ಎಲ್. ಮಿಚೆಲ್, ಮತ್ತು ಅದರ ಪಕ್ಕದಲ್ಲಿಯೇ ಪೆಟ್ರೋಲಿನ ಅಂಗಡಿಯಿಟ್ಟಿದ್ದ ಕ್ಲೇ ಈಸ್ಟ್. ಒಂದೇ ಸಂಘವೋ, ಬಣ್ಣಕ್ಕೊಂದರಂತೆ ಎರಡು ಸಂಘಗಳೋ ಎಂಬುದೇ ಅಂದಿನ ಮುಖ್ಯ ಚರ್ಚೆ. ಆಗ ಐಸಾಕ್ ಶಾ ಎಂಬ ಕಪ್ಪುವರ್ಣದ ವೃದ್ಧನು ಎದ್ದು, ಹದಿನೈದು ವರ್ಷಗಳ ಹಿಂದಿನ ಎಲೇನ್ ಎಂಬ ಊರಿನ ಸಂಗತಿಯನ್ನು ನೆನಪಿಗೆ ತಂದನು. 1919ರಲ್ಲಿ ಅದೇ ಅರ್ಕನ್ಸಾದ ಫಿಲಿಪ್ಸ್ ಕೌಂಟಿಯಲ್ಲಿ ಕಪ್ಪು ಒಕ್ಕಲುಗಳು ತಮ್ಮ ಹತ್ತಿಯ ಲೆಕ್ಕವನ್ನು ನ್ಯಾಯವಾಗಿ ಕೇಳುವುದಕ್ಕೆಂದು ತಾವಷ್ಟೇ ಸಂಘ ಕಟ್ಟಿದಾಗ ಭಯಂಕರವಾದ ಹತ್ಯಾಕಾಂಡವಾಗಿ ಅನೇಕರು ಸತ್ತಿದ್ದರು. ತಾವು ಬೇರೆ ಬೇರೆಯಾಗಿದ್ದರೆ ಒಡೆಯರು ಒಬ್ಬರನ್ನು ಇನ್ನೊಬ್ಬರ ಮೇಲೆ ಬಿಡುವರೆಂಬುದು ಆ ವೃದ್ಧನ ಮಾತಿನ ತಾತ್ಪರ್ಯ. ಹದಿನೆಂಟು ಮಂದಿಯೂ ಒಪ್ಪಿದರು. ದಕ್ಷಿಣ ಪ್ರಾಂತದ ಗೇಣಿಯೊಕ್ಕಲುಗಳ ಸಂಘವು ಹೀಗೆ ಹುಟ್ಟಿತು. ಬಿಳಿಯರೂ ಕರಿಯರೂ ಒಂದೇ ಸೂರಿನಡಿ ಒಂದೇ ಬಾಂಕಿನ ಮೇಲೆ ಕುಳಿತು ಮಾತಾಡುವುದು ಆ ಸೀಮೆಯಲ್ಲಿ ಆಗ ಎಷ್ಟು ದೊಡ್ಡ ಸಾಹಸವೆಂಬುದು, ಜಾತಿಯ ಕಟ್ಟನ್ನು ಬಲ್ಲ ಈ ನಾಡಿನ ಜನರಿಗೆ ವಿವರಿಸಬೇಕಾದ ಮಾತಲ್ಲ. ಇ. ಬಿ. ಮೆಕಿನ್ನಿ ಎಂಬ ಕಪ್ಪುವರ್ಣದ ಧರ್ಮೋಪದೇಶಕರು ಸಂಘದ ಉಪಾಧ್ಯಕ್ಷರಾದರು.

ಸಂಘವು ಮೊದಲು ಮಾಡಿದ ಕೆಲಸವು ಕಾಯಿದೆಯ ದಾರಿ ಹಿಡಿದದ್ದೇ. ಮಾರ್ಕ್ಡ್ ಟ್ರೀ ಎಂಬ ಊರಿನ ಸಿ. ಟಿ. ಕಾರ್ಪೆಂಟರ್ ಎಂಬ ಪ್ರತಿಷ್ಠಿತ ವಕೀಲರು, ತಮ್ಮ ಕಕ್ಷಿಗಾರರಲ್ಲಿ ಅನೇಕರು ಜಮೀನುದಾರರೇ ಆಗಿದ್ದರೂ, ಹೊರಡಿಸಲ್ಪಟ್ಟ ಒಕ್ಕಲುಗಳ ಪಕ್ಷವನ್ನು ವಹಿಸಿದರು. ಕರಾರು ಒಡೆಯನಿಗೂ ಸರಕಾರಕ್ಕೂ ಆದದ್ದು, ಒಕ್ಕಲು ಅದರಲ್ಲಿ ಪಕ್ಷಗಾರನಲ್ಲ ಎಂಬ ಆಕ್ಷೇಪಣೆಯ ಮುಂದೆ ಫಿರ್ಯಾದು ನಿಲ್ಲಲಿಲ್ಲ. 1935ರ ಜನವರಿಯಲ್ಲಿ ಸಂಘದ ಪರವಾಗಿ ಭಾಷಣ ಮಾಡಿದ ವಾರ್ಡ್ ರಾಜರ್ಸ್ ಎಂಬ ತರುಣ ಉಪದೇಶಕನನ್ನು ಅರಾಜಕತೆಯ ಆರೋಪದ ಮೇಲೆ ಹಿಡಿದು ಶಿಕ್ಷಿಸಿದರು. ಮಾರ್ಚಿಯಲ್ಲಿ ಕಾರ್ಪೆಂಟರರ ಮನೆಯ ಮೇಲೆ ರಾತ್ರಿ ವೇಳೆಯಲ್ಲಿ ಗುಂಡು ಹಾರಿದವು. ಸಭೆಗಳನ್ನು ಚದರಿಸುವುದು, ಪ್ರಾರ್ಥನಾಮಂದಿರಗಳಿಗೆ ಬೀಗ ಹಾಕುವುದು, ರಾತ್ರಿ ಸವಾರರಿಂದ ಹೊಡೆಸುವುದು ಪೂರ್ವ ಅರ್ಕನ್ಸಾದಲ್ಲಿ ನಿತ್ಯದ ಸುದ್ದಿಯಾಯಿತು. ಅಷ್ಟಿದ್ದರೂ ಅದೇ ವರ್ಷದ ಸುಗ್ಗಿಯಲ್ಲಿ ಹತ್ತಿ ಬಿಡಿಸುವವರ ಮುಷ್ಕರವು ನಡೆದು, ನೂರು ಪೌಂಡಿಗೆ ಒಂದು ಡಾಲರು ಕೇಳಿದವರಿಗೆ ಹಲವು ಕಡೆ 75 ಸೆಂಟಿನವರೆಗೆ ಕೂಲಿ ಏರಿತು. ಸಂಘದ ಗೆಲುವುಗಳಲ್ಲಿ ಇದೇ ದೊಡ್ಡದೆನ್ನಬೇಕು.

ವಾಷಿಂಗ್‌ಟನ್ನಿನಲ್ಲಿ ಏನಾಗುತ್ತಿತ್ತೆಂಬುದೂ ತಿಳಿಯತಕ್ಕದ್ದು. ಹೊಂದಾಣಿಕೆಯ ಇಲಾಖೆಯಲ್ಲಿಯೇ ಎರಡು ಅಭಿಪ್ರಾಯಗಳಿದ್ದವು. ಜೆರೋಮ್ ಫ್ರಾಂಕರು ಮುಖ್ಯರಾಗಿದ್ದ ಕಾನೂನು ಶಾಖೆಯ ತರುಣರು ಏಳನೆಯ ಕಲಮಿಗೆ ಇದ್ದ ಒಕ್ಕಲುಗಳನ್ನೇ ಉಳಿಸಬೇಕೆಂದು ಅರ್ಥಮಾಡಿದರು. ಇಲಾಖೆಯ ಆಡಳಿತಗಾರ ಚೆಸ್ಟರ್ ಡೇವಿಸರು ಅದನ್ನು ಒಪ್ಪಲಿಲ್ಲ. ಬೆಲೆಯನ್ನು ಏರಿಸುವುದು ಇಲಾಖೆಯ ಕೆಲಸವೇ ಹೊರತು ದಕ್ಷಿಣ ಪ್ರಾಂತದ ಸಮಾಜವನ್ನು ತಿದ್ದುವುದು ಅಲ್ಲ. ಜಮೀನುದಾರರು ಸಹಿ ಹಾಕದಿದ್ದರೆ ಯೋಜನೆಯೇ ಮುರಿಯುವುದು. ಮುರಿದರೆ ಧಾರಣೆ ಬಿದ್ದು ಒಕ್ಕಲುಗಳೇ ಮೊದಲು ಸಾಯುವರು ಎಂಬುದು ಅವರ ಪಕ್ಷ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಮೇಲಾಗಿ ಸೆನೆಟ್ ಸಭೆಯಲ್ಲಿ ಸರಕಾರದ ಪಕ್ಷದ ನಾಯಕರಾಗಿದ್ದ ಜೋಸೆಫ್ ರಾಬಿನ್‌ಸನ್ನರು ಅರ್ಕನ್ಸಾದವರೇ. ಅವರನ್ನು ಎದುರು ಹಾಕಿಕೊಂಡು ರೂಸ್‌ವೆಲ್ಟರು ಯಾವ ಮಸೂದೆಯನ್ನು ತಾನೇ ಪಾರು ಮಾಡಿಸಬಹುದಾಗಿತ್ತು? 1935ರ ಫೆಬ್ರವರಿ 5ರಂದು ಫ್ರಾಂಕರೂ ಅವರ ಜೊತೆಯ ಕೆಲವರೂ ಕೆಲಸದಿಂದ ತೆಗೆಯಲ್ಪಟ್ಟರು. ವ್ಯಾಲೆಸರು ಡೇವಿಸರ ಪಕ್ಷ ಹಿಡಿದರು. ಅರ್ಕನ್ಸಾಕ್ಕೆ ಹೋಗಿ ಒಕ್ಕಲುಗಳ ಹೇಳಿಕೆಗಳನ್ನು ಬರೆದುಕೊಂಡು ಬಂದಿದ್ದ ಮೇರಿ ಕಾನರ್ ಮೈಯರ್ಸ್ ಎಂಬ ವಕೀಲ ಮಹಿಳೆಯ ವರದಿಯು ಬೆಳಕನ್ನು ಕಾಣಲೇ ಇಲ್ಲ. ಯೋಜನೆಯನ್ನು ಉಳಿಸುವುದಕ್ಕಾಗಿ ಡೇವಿಸರು ಏನು ಮಾಡಿದರೂ ಒಪ್ಪಬಹುದು. ಹೇಳಿಕೊಂಡವರ ಮಾತನ್ನು ಕಾಗದದ ಮೇಲೂ ಉಳಿಯಗೊಡದ ಈ ಕೃತ್ಯವನ್ನು ಒಪ್ಪುವುದು ಕಷ್ಟ.

1936ರ ಜನವರಿ 6ರಂದು ಸರ್ವೋಚ್ಚ ನ್ಯಾಯಾಲಯವು ಬಟ್ಲರ್ ಮೊಕದ್ದಮೆಯಲ್ಲಿ ಈ ಕಾಯಿದೆಯ ತೆರಿಗೆಯನ್ನೂ ಕರಾರುಗಳನ್ನೂ ರಾಜ್ಯಾಂಗಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ತಡಮಾಡದೆ ಅದೇ ವರ್ಷ ಮಣ್ಣಿನ ಸಂರಕ್ಷಣೆಯ ಹೆಸರಿನಲ್ಲಿ ಬೇರೆ ಕಾಯಿದೆ ಬಂದಿತು: ಹತ್ತಿಯಂಥ ಸಾರ ಹೀರುವ ಬೆಳೆಯನ್ನು ಬಿಟ್ಟು, ದ್ವಿದಳ ಮುಂತಾದ ಸಾರ ತುಂಬುವ ಬೆಳೆಯನ್ನು ಹಾಕಿದವರಿಗೆ ಸಹಾಯಧನ. ಈ ಸಲ ಹಂಚಿಕೆಯು ಸುಧಾರಿಸಿತು. ಕೋರಿನವನ ಪಾಲು ಹೆಚ್ಚಾಯಿತು; ಹುಂಡಿಯು ಒಡೆಯನ ಕೈಯಿಂದ ಹಾಯದೆ ಅವನ ಹೆಸರಿಗೇ ನೇರವಾಗಿ ಬರತೊಡಗಿತು. ಸಂಘವು ಕೇಳಿದ್ದುದೂ ಇದನ್ನೇ.

ಆದರೆ ಪಾಲು ಹೆಚ್ಚಿದಷ್ಟೂ ಪಾಲುಗಾರನನ್ನು ಬಿಡಿಸಿಬಿಡುವ ಆಸೆಯೂ ಹೆಚ್ಚಿತು. ಕೂಲಿಯವನಿಗೆ ಹುಂಡಿಯಿಲ್ಲವಷ್ಟೆ. ಸಹಾಯಧನದ ರೊಕ್ಕದಿಂದಲೇ ಟ್ರಾಕ್ಟರುಗಳು ಬಂದವು. ಒಂದು ಟ್ರಾಕ್ಟರು ಬಂದೆಡೆಯಲ್ಲಿ ಹಲವು ಗುಡಿಸಲುಗಳು ಬರಿದಾದವು. 1936ರಲ್ಲಿ ಜಾನ್ ರಸ್ಟ್ ಎಂಬಾತನು ತನ್ನ ಹತ್ತಿ ಬಿಡಿಸುವ ಯಂತ್ರವನ್ನು ಮಿಸಿಸಿಪ್ಪಿಯ ಸ್ಟೋನ್‌ವಿಲ್ ಎಂಬಲ್ಲಿ ಓಡಿಸಿ ತೋರಿಸಿದನು. ಅಂಥ ಯಂತ್ರಗಳು ಬಳಕೆಗೆ ಬರುವುದಕ್ಕೆ ಇನ್ನೂ ಹತ್ತು ಹದಿನೈದು ವರ್ಷ ಬೇಕಾಯಿತು. 1939ರ ಜನವರಿಯ ಕೊರೆಯುವ ಚಳಿಯಲ್ಲಿ, ಅರ್ಕನ್ಸಾಕ್ಕೆ ಹೊಂದಿದ ಮಿಸೌರಿ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಒಕ್ಕಲುಗಳು ತಮ್ಮ ಹಾಸಿಗೆ ಪಾತ್ರೆಗಳೊಡನೆ ಹೆದ್ದಾರಿಯ ಅಂಚಿನಲ್ಲಿ ಬೀಡುಬಿಟ್ಟು, ತಾವು ಹೊರದೂಡಲ್ಪಟ್ಟ ಸಂಗತಿಯನ್ನು ದಾರಿಹೋಕರಿಗೆಲ್ಲ ಕಾಣುವಂತೆ ಮಾಡಿದರು. ಅವರ ಮುಖಂಡರು ಓವೆನ್ ವ್ಹಿಟ್‌ಫೀಲ್ಡ್ ಎಂಬ ಕಪ್ಪುವರ್ಣದ ಉಪದೇಶಕರು. ಸಾರ್ವಜನಿಕ ಆರೋಗ್ಯಕ್ಕೆ ಬಾಧಕವೆಂಬ ಕಾರಣ ಕೊಟ್ಟು ಅಧಿಕಾರಿಗಳು ಕೆಲವೇ ದಿನಗಳಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿದರು. ಅಮೆರಿಕೆಯ ಜನಗಣತಿಯಂತೆ ದಕ್ಷಿಣ ಪ್ರಾಂತದಲ್ಲಿ 1930ರಲ್ಲಿ ಸುಮಾರು 7 ಲಕ್ಷ 76 ಸಾವಿರವಿದ್ದ ಕೋರು ಒಕ್ಕಲುಗಳು 1940ರಲ್ಲಿ ಸುಮಾರು 5 ಲಕ್ಷ 41 ಸಾವಿರಕ್ಕೆ ಇಳಿದರು. ಇದೆಲ್ಲವೂ ಸಹಾಯಧನದ ಫಲವೆನ್ನಲಾಗದು. ಯಂತ್ರವೂ ಪಟ್ಟಣದ ಸೆಳೆತವೂ ಅದರಲ್ಲಿ ಕೂಡಿವೆ. ಆದರೂ ಬೀಳುವ ಮರಕ್ಕೆ ಕೊಡಲಿಯನ್ನು ಹಾಕಲು ರೊಕ್ಕವನ್ನು ಒದಗಿಸಿದುದು ಬೊಕ್ಕಸವೇ.

ಕೌಂಟಿ ಸಮಿತಿಗಳ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಸಾಲ ಸಹಾಯಗಳನ್ನು ಕೊಡುವಾಗ ಆ ಸಮಿತಿಗಳು ವರ್ಣಭೇದ ಮಾಡಿದವೆಂದು ಕಪ್ಪು ಒಕ್ಕಲಿಗರು 1997ರಲ್ಲಿ ವ್ಯವಸಾಯ ಇಲಾಖೆಯ ಮೇಲೆ ಪಿಗ್‌ಫರ್ಡ್ ಎಂಬ ಹೆಸರಿನ ಮೊಕದ್ದಮೆಯನ್ನು ಹೂಡಿದರು. 1999ರಲ್ಲಿ ರಾಜಿಯಾಗಿ, ನೂರು ಕೋಟಿ ಡಾಲರಿಗೂ ಮೇಲ್ಪಟ್ಟು ಪರಿಹಾರವಾಗಿ ಕೊಡಬೇಕಾಯಿತು. ಆಗ ಹೊತ್ತಿಗೆ ಸರಿಯಾಗಿ ಅರ್ಜಿ ಹಾಕಲಾಗದೆ ಉಳಿದವರಿಗಾಗಿ 2010ರಲ್ಲಿ ಇನ್ನೂ 125 ಕೋಟಿ ಡಾಲರುಗಳ ಏರ್ಪಾಟಾಯಿತು. ಅಷ್ಟರಲ್ಲಿ ಭೂಮಿಯನ್ನು ಕಳೆದುಕೊಂಡು ಕಣ್ಣು ಮುಚ್ಚಿದವರು ಅನೇಕರು.

ಪಾಯಿನ್‌ಸೆಟ್ಟಿನ ಬಯಲಿನಲ್ಲಿ ಇಂದು ನೆಲ್ಲೂ ಸೋಯಾ ಅವರೆಯೂ ಮುಖ್ಯವಾದ ಬೆಳೆಗಳು. ಅಮೆರಿಕೆಯಲ್ಲಿ ಭತ್ತವನ್ನು ಹೆಚ್ಚಾಗಿ ಬೆಳೆಯುವ ಕೌಂಟಿಗಳಲ್ಲಿ ಅದೂ ಒಂದು. ಹೊಲಗಳು ಇನ್ನೂ ದೊಡ್ಡವಾಗಿವೆ, ಉಳುವವರು ಬೆರಳೆಣಿಕೆಯವರಾಗಿದ್ದಾರೆ. ಸಹಾಯಧನವು ನಿಂತಿಲ್ಲ. 2014ರ ಕಾಯಿದೆಯಂತೆ ಭತ್ತ ಮೊದಲಾದವುಗಳ ಧಾರಣೆಯು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದಾಗ ಸರಕಾರವು ಅಂತರವನ್ನು ತುಂಬುವುದು. ಅದನ್ನು ಹಿಂದಿನ ವರ್ಷಗಳಲ್ಲಿ ಆ ಹೊಲಕ್ಕೆ ದಾಖಲಾದ ಮೂಲ ಎಕರೆಗಳ ಮೇಲೆ ಎಣಿಸುವರೇ ಹೊರತು ಈ ವರ್ಷ ಬಿತ್ತಿದ್ದರ ಮೇಲಲ್ಲ. ಒಬ್ಬನಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯು 1970ರ ಕಾಯಿದೆಯಲ್ಲಿ ಮೊದಲು ಬಂದಿತು. ಆಗ ಬೆಳೆಯೊಂದಕ್ಕೆ 55,000 ಡಾಲರು. 1,25,000 ಡಾಲರಾಗಿದ್ದ ಮಿತಿಯನ್ನು 2025ರಲ್ಲಿ 1,55,000ಕ್ಕೆ ಏರಿಸಿದರು. ಈಗ ಹಣವು ಬೇಸಾಯದ ಅಪಾಯವನ್ನು ಹೊರುವವನಿಗೆ ಸೇರಬೇಕೆಂಬ ನಿಯಮವಿದೆ. ಆದರೆ ಲಾವಣಿಗೆ ಮಾಡುವವನ ಕೈಗೆ ಹಣ ಬರುವುದೆಂದು ತಿಳಿದ ಒಡೆಯನು ಲಾವಣಿಯನ್ನು ಏರಿಸುವನು. ಸಹಾಯಧನದ ಒಂದಂಶವು ಹೀಗೆ ಭೂಮಿಯ ಬೆಲೆಯಲ್ಲಿಯೂ ಬಾಡಿಗೆಯಲ್ಲಿಯೂ ಇಂಗಿಹೋಗುವುದನ್ನು ಅರ್ಥಶಾಸ್ತ್ರಜ್ಞರು ಪದೇ ಪದೇ ತೋರಿಸಿದ್ದಾರೆ. ಟೈರೋನ್ಜಾದಲ್ಲಿ ಮಿಚೆಲ್ ಮತ್ತು ಈಸ್ಟರ ಅಂಗಡಿಗಳಿದ್ದ ಕಟ್ಟಡವು 2006ರಿಂದ ಗೇಣಿಯೊಕ್ಕಲುಗಳ ವಸ್ತುಸಂಗ್ರಹಾಲಯವಾಗಿದೆ; ಅರ್ಕನ್ಸಾ ಸ್ಟೇಟ್ ವಿಶ್ವವಿದ್ಯಾಲಯದವರು ಅದನ್ನು ನಡೆಸುತ್ತಾರೆ.

ಈ ಪ್ರಶ್ನೆಯು ಈ ನಾಡಿಗೂ ಬಂದಿದೆ. 2019ರಲ್ಲಿ ಭಾರತ ಸರಕಾರವು ಪ್ರಧಾನಮಂತ್ರಿ ಕಿಸಾನ್ ಸಮ್ಮಾನ ನಿಧಿಯನ್ನು ಆರಂಭಿಸಿ, ರೈತ ಕುಟುಂಬವೊಂದಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕಿನ ಖಾತೆಗೆ ಹಾಕುವ ಏರ್ಪಾಡು ಮಾಡಿತು. ನಡುವೆ ಒಡೆಯನಾಗಲಿ ಸಮಿತಿಯಾಗಲಿ ಕೈ ಚಾಚುವಂತಿಲ್ಲ. ಇದು ದೊಡ್ಡ ಗುಣವೇ ಸರಿ. ಆದರೆ ರೈತ ಕುಟುಂಬವೆಂದರೆ ಭೂಮಿಯು ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಆ ಕುಟುಂಬವೆಂದು ಅದರ ನಿಯಮ. ಕರ್ನಾಟಕದಲ್ಲಿ 1961ರ ಭೂಸುಧಾರಣಾ ಕಾಯಿದೆಗೆ ಮಾಡಿದ ತಿದ್ದುಪಡಿಯು 1974ರ ಮಾರ್ಚಿ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲವನ್ನೂ ಸರಕಾರದ ವಶ ಮಾಡಿಕೊಂಡು ಉಳುವವನಿಗೆ ಒಡೆತನವನ್ನು ಕೊಡಿಸಿತು. ಲಕ್ಷಾಂತರ ಮನೆಗಳಲ್ಲಿ ದೀಪ ಹಚ್ಚಿದ ಕಾಯಿದೆಯದು. ಅದೇ ಕಾಯಿದೆಯು ಅಲ್ಲಿಂದ ಮುಂದೆ ಭೂಮಿಯನ್ನು ಗೇಣಿಗೆ ಕೊಡುವುದನ್ನು, ಸೈನಿಕರೂ ನಾವಿಕರೂ ಹೊರತು ಉಳಿದವರಿಗೆ ನಿಷೇಧಿಸಿತು. ನಿಷೇಧದಿಂದ ಲಾವಣಿ ಕೋರುಗಳು ನಿಲ್ಲಲಿಲ್ಲ. ಕಾಗದದಿಂದ ಮಾತ್ರ ಮರೆಯಾದವು. ಒಡೆಯನು ಪಟ್ಟಣ ಸೇರಿದ್ದಾನೆ, ಹೊಲವನ್ನು ನೆರೆಯವನು ಬಾಯಿಮಾತಿನ ಮೇಲೆ ಮಾಡುತ್ತಾನೆ, ಪಹಣಿಯಲ್ಲಿ ಒಡೆಯನ ಹೆಸರೇ ಉಳಿದಿದೆ. ಬೆಳೆ ವಿಮೆಯ ಯೋಜನೆಯಲ್ಲಿ ಗೇಣಿದಾರರೂ ಪಾಲುಗಾರರೂ ಸೇರಬಹುದೆಂದು ಬರೆದಿದೆ. ಸೇರುವುದಕ್ಕೆ ಗೇಣಿಯ ಪತ್ರವನ್ನು ಹಾಜರುಪಡಿಸಬೇಕೆಂದೂ ಬರೆದಿದೆ. ಕಾಯಿದೆಯೇ ನಿಷೇಧಿಸಿರುವ ಪತ್ರವನ್ನು ಯಾವ ಒಡೆಯನು ಬರೆದುಕೊಟ್ಟಾನು, ಯಾವ ಕಚೇರಿಯವರು ಅದನ್ನು ತೆಗೆದುಕೊಂಡಾರು?